ಬೆಂಚ್ ಕಾಯೋಕೆ ಯೂರೋಪ್ ಯಾಕೆ? ಹೊರಗಿನ ಫುಟ್‌ಬಾಲ್ ಲೀಗ್ ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಕಳೆದ ತಿಂಗಳು ಗೌತಮಪುರದ ಅಕ್ಕನ ಮನೆಗೆ ಹೋಗಿದ್ದೆ. ಹಲಸೂರಿನ ಪಕ್ಕದ ಆ ಬೀದಿಗಳಲ್ಲಿ ಪೆಲೆಯ ಪ್ರತಿಮೆ ಇದೆ. ಅಲ್ಲಿ ಹುಡುಗರ ಕಾಲಿಗೆ ಮೊದಲು ಚೆಂಡು ಸಿಗುತ್ತದೆ, ಚಪ್ಪಲಿ ಆಮೇಲೆ. ಅಕ್ಕನ ಮಗನಿಗೆ ಈಗ ಇಪ್ಪತ್ತು ವರ್ಷ. ಎಡ ವಿಂಗ್‌ನಲ್ಲಿ ಆಡುತ್ತಾನೆ, ವೇಗ ಚೆನ್ನಾಗಿದೆ, ಬಲಗಾಲು ಮಾತ್ರ ಬರೀ ನಿಂತುಕೊಳ್ಳೋಕೆ.

ಅಡುಗೆಮನೆ ಕಟ್ಟೆಯ ಮೇಲೆ, ದೋಸೆ ಹಿಟ್ಟಿನ ಪಾತ್ರೆಯ ಪಕ್ಕ, ಎರಡು ಪ್ರಿಂಟ್‌ಔಟ್ ಇದ್ದವು. ಒಂದು ಪೋರ್ಚುಗಲ್‌ನ ಕೆಳಹಂತದ ಕ್ಲಬ್ಬಿನದ್ದು. ಆರು ವಾರದ ಟ್ರಯಲ್, ವಿಮಾನ, ವಸತಿ, ಊಟ ಎಲ್ಲಾ ನಮ್ಮ ಖರ್ಚು. ಇನ್ನೊಂದು ನಮ್ಮದೇ ಈಶಾನ್ಯದ ಕ್ಲಬ್ಬಿನದ್ದು. ಎರಡು ವರ್ಷದ ಕಾಂಟ್ರ್ಯಾಕ್ಟ್, ಸಂಬಳ ಸುಮಾರು.

"ಮಾಮ, ಎಷ್ಟಾದ್ರೂ ಯೂರೋಪ್ ಯೂರೋಪೇ ಅಲ್ವಾ?" ಅಂದ.

ಅಕ್ಕ ಏನೂ ಹೇಳಲಿಲ್ಲ. ಸೌಟು ಹಿಡಿದುಕೊಂಡು ನನ್ನ ಮುಖ ನೋಡಿದಳು. ಅವತ್ತು ನನಗೆ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಅದಕ್ಕೇ ಈ ಬರಹ. ಇಂಥ ಎರಡು ಹಾಳೆ ಮುಂದಿಟ್ಟುಕೊಂಡು ಕೂತಿರುವ ಮನೆ ಬೆಂಗಳೂರಿನಲ್ಲಿ ಅದೊಂದೇ ಅಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದೇಶದ ಹೆಸರು ನೋಡಿ ಆರಿಸಬೇಡಿ. ನಿಮ್ಮನ್ನು ಕರೆದವರು ಯಾರು, ಯಾವ ಜಾಗಕ್ಕೆ ಕರೆದರು ಅನ್ನೋದನ್ನು ನೋಡಿ.

ಕಂಠೀರವದಲ್ಲಿ ನಾವು ನೋಡಿದ ಮೂವರು

ದೂರ ಹೋಗುವುದೇ ಬೇಡ. ಬೆಂಗಳೂರು ಎಫ್‌ಸಿ ಅಂಗಿ ತೊಟ್ಟ ಮೂವರು ಯೂರೋಪ್ ನೋಡಿ ಬಂದವರು. ಸುನಿಲ್ ಚೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್. ಮೂವರ ಕಥೆಯೂ ಬೇರೆ ಬೇರೆ. ಹೋಲಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಚೆಟ್ರಿ ಮೂರು ಸಲ ಹೊರಟವರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ತಯಾರಿತ್ತು. ಆಗ ಇಂಗ್ಲೆಂಡಿನ ವರ್ಕ್ ಪರ್ಮಿಟ್‌ಗೆ ಆಟಗಾರನ ದೇಶ ಫಿಫಾ ಪಟ್ಟಿಯ ಮೊದಲ 70ರಲ್ಲಿ ಇರಬೇಕಿತ್ತು. ನಾವೆಲ್ಲಿ, ಎಪ್ಪತ್ತೆಲ್ಲಿ. ಮರುವರ್ಷ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸ್ನೇಹ ಪಂದ್ಯದಲ್ಲಿ ಮೈದಾನಕ್ಕಿಳಿದರು. ಆದರೆ ಲೀಗ್‌ನಲ್ಲಿ ಒಂದು ನಿಮಿಷವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್. ಫೀಗೊ, ರೊನಾಲ್ಡೊ ಬೆಳೆದ ಕ್ಲಬ್! ಇಲ್ಲಿ ನಾವೆಲ್ಲ ಕುಣಿದಿದ್ದೇ ಕುಣಿದಿದ್ದು. ಅಲ್ಲಿ ಅವರನ್ನು ಹಾಕಿದ್ದು ಬಿ ತಂಡಕ್ಕೆ, ಸಿಕ್ಕಿದ್ದು ಮೂರೇ ಲೀಗ್ ಪಂದ್ಯ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ದೊಡ್ಡ ಕ್ಲಬ್ಬಿನ ಬಿ ತಂಡ ಇರೋದು ಯಾಕೆ? ಹದಿನೆಂಟು, ಹತ್ತೊಂಬತ್ತರ ಸ್ವಂತ ಹುಡುಗರನ್ನು ಬೆಳೆಸೋಕೆ, ಬೆಳೆದ ಮೇಲೆ ಮಾರೋಕೆ. ಚೆಟ್ರಿಗೆ ಆಗ 28 ತುಂಬುತ್ತಿತ್ತು. ಇಪ್ಪತ್ತೆಂಟರ ಸ್ಟ್ರೈಕರ್ ಗೋಲು ಹೊಡೆದರೂ ಕ್ಲಬ್ಬಿಗೆ ಅದರಿಂದ ಏನೂ ಹುಟ್ಟಲ್ಲ. ಹತ್ತೊಂಬತ್ತರ ಹುಡುಗ ಗೋಲು ತಪ್ಪಿಸಿದರೂ ಅವರಿಗೆ ಅದು ಪಾಠ. ಆಟ ಸಾಲದೆ ಕೂತರೋ, ಜಾಗವೇ ಇಲ್ಲದ ಕಡೆ ಹೋಗಿ ಕೂತರೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಆದರೆ 2013ರಲ್ಲಿ ಬೆಂಗಳೂರಿಗೆ ಬಂದು, ತಂಡದ ಮೊದಲ ಸೀಸನ್ನಿನಲ್ಲೇ ನಾಯಕನಾಗಿ ಐ-ಲೀಗ್ (ಆಗ ದೇಶದ ಮೇಲಿನ ಲೀಗ್) ಗೆಲ್ಲಿಸಿದ್ದೂ ಇದೇ ಕಾಲುಗಳೇ.

ಗುರ್‌ಪ್ರೀತ್ ಹೋಗಿದ್ದು ನಾರ್ವೆಯ ಸ್ತಾಬೆಕ್‌ಗೆ, 2014ರಲ್ಲಿ. ಹೆಸರು ಕೇಳಿ ಇಲ್ಲಿ ಯಾರೂ ಕುಣಿಯಲಿಲ್ಲ. ಆಗ ಅವರಿಗೆ 22. ಅವರಿಗಿಂತ ಮುಂದೆ ಐವರಿ ಕೋಸ್ಟ್‌ನ ಸಯೂಬಾ ಮಾಂಡೆ ಗೋಲ್ ಕಾಯುತ್ತಿದ್ದರು. ಲೀಗ್ ಪಂದ್ಯ ಆಡೋಕೆ 2016ರವರೆಗೆ ಕಾಯಬೇಕಾಯಿತು. ಕೊನೆಗೆ ಯೂರೋಪಿನ ಒಂದು ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಅನ್ನಿಸಿಕೊಂಡರು. ಅದೇ ವರ್ಷ, ಯೂರೋಪಿನ ದೇಶಗಳ ಕ್ಲಬ್‌ಗಳು ಸೆಣಸುವ ಯೂರೋಪಾ ಲೀಗ್‌ನ ಅರ್ಹತಾ ಪಂದ್ಯದಲ್ಲೂ ಆಡಿದರು. 2017ರಲ್ಲಿ ಬೆಂಗಳೂರಿಗೆ ಬಂದಾಗ ಬೇರೆಯೇ ಕೀಪರ್ ಆಗಿದ್ದರು.

ಇಬ್ಬರೂ ಬೆಂಚಿನ ಮೇಲೆ ಕೂತವರೇ. ಒಬ್ಬರಿಗೆ ಅದರಿಂದ ಏನೂ ದಕ್ಕಲಿಲ್ಲ, ಇನ್ನೊಬ್ಬರಿಗೆ ಲಾಭವಾಯಿತು. ಕಾರಣಗಳಲ್ಲಿ ಒಂದು, ಗೋಲ್ ಕೀಪರ್‌ನ ಬೆಂಚೇ ಬೇರೆ. ಕೀಪರ್‌ಗಳಿಗೆ ಬೇರೆ ಕೋಚ್ ಇರುತ್ತಾರೆ. ದಿನಾ ಬೆಳಿಗ್ಗೆ ಮೊದಲ ಕೀಪರ್‌ಗೆ ಎಷ್ಟು ಚೆಂಡು ಬರುತ್ತದೋ ಎರಡನೆಯವನಿಗೂ ಅಷ್ಟೇ ಬರುತ್ತದೆ. ಸ್ಟ್ರೈಕರ್‌ಗೆ ಹಾಗಲ್ಲ. ಪಂದ್ಯ ಸಿಗದಿದ್ದರೆ ಮೂರೇ ತಿಂಗಳಲ್ಲಿ ಕಾಲಿನ ಲೆಕ್ಕ ತಪ್ಪುತ್ತದೆ. ಇನ್ನೊಂದು ಕಾರಣ ವಯಸ್ಸು. ಮೂರನೆಯದು ಮಾತು. ನಾರ್ವೆಯಲ್ಲಿ ಇಂಗ್ಲಿಷ್ ಧಾರಾಳವಾಗಿ ನಡೆಯುತ್ತದೆ, ಆಗಿನ ಕೋಚ್ ಬಾಬ್ ಬ್ರ್ಯಾಡ್ಲಿಯೂ ಅಮೆರಿಕದವರು. ಸಣ್ಣ ವಿಷಯ ಅನ್ನಿಸಬಹುದು. ಮುಂದೆ ನನ್ನ ಕಥೆ ಹೇಳಿದಾಗ ಹಾಗನ್ನಿಸಲ್ಲ.

ಜಿಂಗನ್ ಅವರದು ಬರೀ ದುರದೃಷ್ಟ. 2021ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾದ ಶಿಬೆನಿಕ್ ಸೇರಿದರು. ಹೋದ ಕೂಡಲೇ ಗಾಯ. ಒಂದೂ ಅಧಿಕೃತ ಪಂದ್ಯ ಆಡದೆ ಜನವರಿಗೆ ವಾಪಸ್. ಆಗ ಅವರಿಗೂ 28. ಇಪ್ಪತ್ತೆರಡರಲ್ಲಿ ಗಾಯವಾದರೆ ಒಂದು ಸೀಸನ್ ಹೋಗುತ್ತದೆ ಅಷ್ಟೇ. ಇಪ್ಪತ್ತೆಂಟರಲ್ಲಾದರೆ ಆ ಅವಕಾಶವೇ ಹೋಗುತ್ತದೆ. ಅವರಿಗೂ ಮೊದಲು, 1999ರಲ್ಲಿ ಇಂಗ್ಲೆಂಡಿನ ಬರಿ ಸೇರಿದ ಬೈಚುಂಗ್ ಭುಟಿಯಾ ಅವರನ್ನೂ ಕಾಡಿದ್ದು ಮೊಣಕಾಲೇ.

ಹೆಣ್ಣುಮಕ್ಕಳ ಕಥೆಯಲ್ಲೂ ಇದೇ ಲೆಕ್ಕ ಕಾಣುತ್ತದೆ. ಬಾಲಾ ದೇವಿ 2020ರಲ್ಲಿ ಸ್ಕಾಟ್‌ಲೆಂಡಿನ ರೇಂಜರ್ಸ್ ಸೇರಿದಾಗ 29 ದಾಟಿತ್ತು, ಮೇಲಿಂದ ಕೊರೊನಾ ಬಂತು. ಮನೀಷಾ ಕಲ್ಯಾಣ್ 2022ರಲ್ಲಿ, ಇಪ್ಪತ್ತರ ವಯಸ್ಸಿಗೆ, ಸೈಪ್ರಸ್‌ನ ಅಪೊಲನ್‌ಗೆ ಹೋದರು. ಅಲ್ಲಿಂದ ಮಹಿಳೆಯರ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಆಟಗಾರ್ತಿಯಾದರು. ಸೈಪ್ರಸ್ ಎಲ್ಲಿದೆ ಅಂತ ನಮ್ಮಲ್ಲಿ ಎಷ್ಟೋ ಜನ ನಕ್ಷೆ ತೆಗೆದು ನೋಡಿದ್ದು ಆಗಲೇ ಇರಬೇಕು.

ಕೋಚ್ ಕರೆದರೋ, ಕ್ಲಬ್ ಕೊಂಡಿತೋ

ಫ್ರಾನ್ಸ್‌ನ ಥಿಯರಿ ಹೆನ್ರಿ 1998ರಲ್ಲಿ ವಿಶ್ವಕಪ್ ಗೆದ್ದವರು. ಮರುವರ್ಷ ಜನವರಿಯಲ್ಲಿ ಇಟಲಿಯ ಯುವೆಂಟಸ್‌ಗೆ ಹೋದರು. ಅಲ್ಲಿ ಅವರನ್ನು ಪಕ್ಕದಲ್ಲಿ ಓಡಿಸಿದರು, ವಾಪಸ್ ಓಡಿಬಂದು ಡಿಫೆನ್ಸ್ ಮಾಡಿಸಿದರು. ಮೂರೇ ಗೋಲು. ಏಳು ತಿಂಗಳಿಗೆ ಗಂಟುಮೂಟೆ ಕಟ್ಟಿ ಇಂಗ್ಲೆಂಡಿನ ಆರ್ಸೆನಲ್‌ಗೆ ಬಂದರು. ಅಲ್ಲಿದ್ದ ಕೋಚ್ ವೆಂಗರ್ ಮೊನಾಕೊದಲ್ಲಿ ಅವರನ್ನು ಹುಡುಗನಾಗಿದ್ದಾಗಲೇ ನೋಡಿದ್ದವರು. ನಡುವೆ ನಿಲ್ಲಿಸಿ, ಗೋಲು ಹೊಡೆ ಅಂದರು. ಶುರುವಿನ ಪಂದ್ಯಗಳಲ್ಲಿ ಗೋಲೇ ಬರಲಿಲ್ಲ. ಆದರೂ ತೆಗೆಯಲಿಲ್ಲ. ಕೊನೆಗೆ ಆರ್ಸೆನಲ್ ಪರ 228 ಗೋಲು, ಆ ಕ್ಲಬ್ಬಿನ ದಾಖಲೆ.

ಒಂದೇ ವರ್ಷ, ಅದೇ ಮನುಷ್ಯ, ಎರಡು ಪರದೇಶ. ಇಟಲಿ ಕಷ್ಟ, ಇಂಗ್ಲೆಂಡ್ ಸುಲಭ ಅಂತ ಇದಕ್ಕೆ ಅರ್ಥ ಕಟ್ಟುವವರಿದ್ದಾರೆ. ಹಾಗಿದ್ದರೆ ಉಕ್ರೇನಿನ ಸ್ಟ್ರೈಕರ್ ಶೆವ್ಚೆಂಕೊ ಉಲ್ಟಾ ಯಾಕಾದರು? ಇಟಲಿಯ ಮಿಲಾನ್‌ನಲ್ಲಿ ಏಳು ವರ್ಷ ಗೋಲಿನ ಮಳೆ ಸುರಿಸಿದರು, 2004ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಗೆದ್ದರು. 2006ರಲ್ಲಿ ಇಂಗ್ಲೆಂಡಿನ ಚೆಲ್ಸಿಗೆ ಬಂದು ಲೀಗ್‌ನಲ್ಲಿ ಹೊಡೆದದ್ದು ಒಟ್ಟು ಒಂಬತ್ತು. ಕೋಚ್ ಮೌರಿನ್ಯೊಗಿಂತ ಮಾಲೀಕ ಅಬ್ರಮೊವಿಚ್‌ಗೇ ಅವರು ಜಾಸ್ತಿ ಬೇಕಿದ್ದರು ಅನ್ನೋದು ಆಗಿನ ದಿನಗಳ ಮಾತು. ಅಲ್ಲಿ ಅದೇ ಜಾಗಕ್ಕೆ ದ್ರೋಗ್ಬಾ ಆಗಲೇ ಇದ್ದರು. ಮದುವೆ ಮನೆಗೆ ಬೀಗರು ಕರೆಯದೆ ಛತ್ರದ ಮಾಲೀಕ ಕರೆದ ಹಾಗೆ. ಹೋಗಬಹುದು, ಆದರೆ ಯಾವ ಪಂಕ್ತಿಯಲ್ಲಿ ಕೂರೋದು?

ಹಾಗಾಗಿ ನಾನು ಲೀಗ್‌ಗಳ ಪಟ್ಟಿಗಿಂತ ಈ ಒಂದು ಪ್ರಶ್ನೆಗೇ ಹೆಚ್ಚು ತೂಕ ಕೊಡುತ್ತೇನೆ. ನಿಮ್ಮ ಆಟದ ವಿಡಿಯೊ ಕೋಚ್ ನೋಡಿದ್ದಾರಾ? ಫೋನಿನಲ್ಲಿ ಮಾತಾಡಿದ್ದಾರಾ? ನಿಮ್ಮ ಜಾಗದಲ್ಲಿ ಈಗ ಯಾರು ಆಡುತ್ತಿದ್ದಾರೆ, ಅವನ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುತ್ತದೆ? ಇಷ್ಟಕ್ಕೆ ಉತ್ತರ ಇಲ್ಲದಿದ್ದರೆ ಅದು ಬರೀ ವೀಸಾ ಪತ್ರ.

ಒಂದೇ ನೆಗೆತವೋ, ಮೆಟ್ಟಿಲೋ

ಜಪಾನಿನ ಕಾವೊರು ಮಿತೊಮಾ ಅವರನ್ನು 2021ರಲ್ಲಿ ಬ್ರೈಟನ್ ಕೊಂಡಿತು. ಇಂಗ್ಲೆಂಡಿನ ವರ್ಕ್ ಪರ್ಮಿಟ್ ಸಿಗಲಿಲ್ಲ. ಸರಿ, ಒಂದು ಸೀಸನ್ ಬೆಲ್ಜಿಯಂನ ಯೂನಿಯನ್ ಸೇಂಟ್ ಗಿಲ್ವಾಸ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಆಡೋಕೆ, ಕಳಿಸಿದರು. ಆಗ ಎರಡೂ ಕ್ಲಬ್ಬಿನ ಹಿಂದೆ ಒಬ್ಬರದೇ ದುಡ್ಡು. ಅಲ್ಲಿ ಆಡಿ, ಯೂರೋಪಿನ ಚಳಿ, ತಳ್ಳಾಟ, ವೇಗ ಎಲ್ಲಾ ಅರೆದು ಕುಡಿದು, 2022ರಲ್ಲಿ ಇಂಗ್ಲೆಂಡಿಗೆ ಬಂದರು. ಬಂದ ಮೇಲೆ ಅಲ್ಲಿನ ಡಿಫೆಂಡರ್‌ಗಳಿಗೆ ನಿದ್ದೆ ಇಲ್ಲ. (ಈ ಮನುಷ್ಯ ಕಾಲೇಜಿನಲ್ಲಿ ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದವರು. ಪರೀಕ್ಷೆ, ಆಟ ಎರಡೂ ಒಟ್ಟಿಗೆ ಆಗಲ್ಲ ಅನ್ನುವ ಅಮ್ಮಂದಿರಿಗೆ ಇದನ್ನು ತೋರಿಸಬಹುದು.)

ಸಲಾಹ್ ಮೆಟ್ಟಿಲು ಹತ್ತಿದರು, ನೆಗೆದರು, ಜಾರಿದರು, ಮತ್ತೆ ಮೆಟ್ಟಿಲಿಗೇ ಬಂದರು. ಈಜಿಪ್ಟ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ. ಅಲ್ಲಿಂದ 2014ರಲ್ಲಿ ಚೆಲ್ಸಿಗೆ. ಅಲ್ಲಿ ಬೆಂಚ್. ಆಮೇಲೆ ಇಟಲಿಯ ಫಿಯೊರೆಂಟಿನಾ, ರೋಮಾ. 2017ರಲ್ಲಿ ಲಿವರ್‌ಪೂಲ್ ಸೇರಿದ ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 32 ಗೋಲು. ಡಿ ಬ್ರೂಯ್ನೆ ಕೂಡ ಚೆಲ್ಸಿಯಲ್ಲಿ ಜಾಗ ಸಿಗದೆ ಜರ್ಮನಿಗೆ ಹೋಗಿ, ಮತ್ತೆ ಮ್ಯಾಂಚೆಸ್ಟರ್ ಸಿಟಿಗೆ ಬಂದವರು. ಇಂಗ್ಲೆಂಡ್ ಅವರಿಗೆ ಆಗಿಬರಲ್ಲ ಅಂತ ಚೆಲ್ಸಿಯ ದಿನಗಳಲ್ಲಿ ಬರೆದವರು ಆಮೇಲೆ ಎಲ್ಲಿ ಹೋದರೋ.

ಕೆಲವರಿಗೆ ಸುಮ್ನೆ ಸಮಯ ಬೇಕು. ಉರುಗ್ವೆಯ ಫೋರ್ಲಾನ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮೊದಲ ಗೋಲಿಗೆ ಎಂಟು ತಿಂಗಳು ಹಿಡಿಯಿತು. ಅಲ್ಲಿಂದ ಸ್ಪೇನಿನ ವಿಯಾರ್ರೆಯಾಲ್‌ಗೆ ಹೋಗಿ ಮೊದಲ ಸೀಸನ್ನಿನಲ್ಲೇ 25 ಗೋಲು ಹೊಡೆದರು. ಅಲ್ಲಿ ಭಾಷೆ ಸ್ವಂತದ್ದು, ಸ್ಪ್ಯಾನಿಷ್. ಮೊಡ್ರಿಚ್ ರಿಯಲ್ ಮ್ಯಾಡ್ರಿಡ್‌ಗೆ ಬಂದ 2012ರಲ್ಲೇ, ಆ ಸೀಸನ್ನಿನ ಕಳಪೆ ಖರೀದಿ ಯಾವುದು ಅಂತ ಒಂದು ಸ್ಪ್ಯಾನಿಷ್ ಪತ್ರಿಕೆ ಓದುಗರನ್ನು ಕೇಳಿತು. ಓದುಗರು ಮೊಡ್ರಿಚ್ ಹೆಸರಿಗೆ ಓಟು ಹಾಕಿದರು. 2018ರಲ್ಲಿ ಅವರಿಗೆ ಬ್ಯಾಲನ್ ಡೋರ್ ಬಂತು. ಆದರೆ ಇದನ್ನು ನಂಬಿ ನೀವು ಮೋಸ ಹೋಗಬೇಡಿ. ಕಾಯುವ ತಾಳ್ಮೆ ದೊಡ್ಡ ದುಡ್ಡು ಕೊಟ್ಟು ಕೊಂಡ ಕ್ಲಬ್ಬಿಗೆ ಇರುತ್ತದೆ. ಸ್ವಂತ ಖರ್ಚಿನಲ್ಲಿ ಟ್ರಯಲ್‌ಗೆ ಬಂದ ಹುಡುಗನಿಗಾಗಿ ಯಾರೂ ಎಂಟು ತಿಂಗಳು ಕಾಯಲ್ಲ.

ಮೈದಾನದ ಹೊರಗಿನ ಇಪ್ಪತ್ತೆರಡು ಗಂಟೆ

ನನ್ನ ಕಥೆ. ಹತ್ತೊಂಬತ್ತರಲ್ಲಿ ನಾನೂ ಕೊಲ್ಕತ್ತಾಗೆ ಹೋಗಿದ್ದೆ. ಸೆಂಟರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವವನು. ಕ್ಲಬ್ಬಿನ ಹೆಸರು ಬೇಡ. ಒಂದು ಕೋಣೆಯಲ್ಲಿ ಆರು ಜನ, ಸಾಸಿವೆ ಎಣ್ಣೆಯ ಮೀನು, ಎರಡು ತಿಂಗಳು ತಡವಾಗಿ ಬರುವ ಸಂಬಳ. ಅದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಮೂರನೇ ಪಂದ್ಯದಲ್ಲಿ ಎತ್ತರದ ಚೆಂಡೊಂದು ಬಂತು. ಹಿಂದಿನಿಂದ ಕೀಪರ್ "ಛಾಡ್! ಛಾಡ್!" ಅಂತ ಕೂಗಿದ. ಬಿಡು, ನಾನು ಹಿಡಿಯುತ್ತೇನೆ ಅಂತ ಅರ್ಥ. ನನಗೆ ಕೇಳಿಸಿದ್ದು "ಚಾರ್ಜ್". ಮುನ್ನುಗ್ಗಿ ತಲೆ ಕೊಟ್ಟೆ. ಅವನೂ ಬಂದ, ಇಬ್ಬರೂ ಢಿಕ್ಕಿ, ಚೆಂಡು ನಿಧಾನವಾಗಿ ಉರುಳಿಕೊಂಡು ನಮ್ಮದೇ ಗೋಲಿನೊಳಗೆ. ಅದು ಉರುಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡಕ್ಷರದ ಒಂದು ಕೂಗು ಅರ್ಥವಾಗದೆ ಬೆಂಚಿಗೆ ಹೋದೆ. ಐದನೇ ತಿಂಗಳಿಗೆ ರೈಲು ಹತ್ತಿದೆ.

ಅದೇ ಕೊಲ್ಕತ್ತಾದಲ್ಲಿ ನಮ್ಮ ಊರಿನ ಒಲಿಂಪಿಯನ್ ಅಹ್ಮದ್ ಖಾನ್ 1949ರಿಂದ ಹತ್ತು ವರ್ಷ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಆಡಿದರು. ಅಲ್ಲಿನ ಐದು ಫಾರ್ವರ್ಡ್‌ಗಳನ್ನು ಜನ ಪಂಚ ಪಾಂಡವರು ಅಂತ ಕರೆಯುತ್ತಿದ್ದರು. ಐವರೂ ದಕ್ಷಿಣದವರು. ಅವರ ಆಟದ ಮುಂದೆ ನಾನೆಲ್ಲಿ, ಆ ಮಾತು ಬಿಡಿ. ಆದರೆ ಪಂದ್ಯ ಸೋತ ರಾತ್ರಿ ಪಕ್ಕದಲ್ಲಿ ಕೂತು ಅನ್ನ ಸಾರು ಉಣ್ಣೋಕೆ ನಮ್ಮ ಕಡೆಯವರಿದ್ದರೆ ಆಗುವ ಧೈರ್ಯ ಬೇರೆ.

ಇದೇ ಮಾತನ್ನು ತಿರುಗಿಸಿ ನೋಡಿ. 2017ರಲ್ಲಿ ಮಿಕು ಬೆಂಗಳೂರಿಗೆ ಬಂದರು. ವೆನೆಜುವೆಲಾದವರು, ಗೆತಾಫೆ, ಸೆಲ್ಟಿಕ್‌ನಲ್ಲಿ ಆಡಿದವರು. ಇಲ್ಲಿ ಕೋಚ್ ರೋಕಾ ಸ್ಪೇನಿನವರು, ಡಿಮಾಸ್, ಹುವಾನಾನ್ ಕೂಡ ಸ್ಪೇನಿನವರು. ಮಿಕುವಿನದೂ ಸ್ಪ್ಯಾನಿಷ್ ಮಾತು. ಪರದೇಶಕ್ಕೆ ಬಂದರೂ ಡ್ರೆಸಿಂಗ್ ರೂಮು ಪರದೇಶವಾಗಲಿಲ್ಲ. ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್‌ನಲ್ಲೇ 15 ಗೋಲು. ಇಂಗ್ಲೆಂಡಿನ ಕೆಳಹಂತದಲ್ಲಿ ಆಡುತ್ತಿದ್ದ ಜಾನ್ ಜಾನ್ಸನ್ 2013ರಲ್ಲಿ ಬಂದು 2018ರವರೆಗೆ ಇಲ್ಲೇ ಇದ್ದರು. ವೆಸ್ಟ್ ಬ್ಲಾಕ್‌ನ ಅಭಿಮಾನಿಗಳ ಪಾಲಿಗೆ ಮನೆಮಗ. ಇಂಗ್ಲೆಂಡಿನಲ್ಲಿ ನೂರಾರು ಡಿಫೆಂಡರ್‌ಗಳಲ್ಲಿ ಒಬ್ಬರು, ಇಲ್ಲಿ ತಂಡದ ಕಂಬ. ಲೀಗ್ ಇಳಿದರೂ ಜಾಗ ಏರಿತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಸ್ಪೇನಿನ ಸೆವಿಯಾದ ಹೆಸುಸ್ ನವಾಸ್‌ಗೆ ಮನೆ ಬಿಟ್ಟರೆ ಎದೆ ಹೊಡೆದುಕೊಳ್ಳುತ್ತಿತ್ತು. ಮೊದಮೊದಲು ತಂಡದ ಕ್ಯಾಂಪಿಗೂ ಹೋಗಲಾಗುತ್ತಿರಲಿಲ್ಲ. ಅದನ್ನು ಮೀರಿ ವಿಶ್ವಕಪ್ ಗೆದ್ದು, 2013ರಲ್ಲಿ ಮ್ಯಾಂಚೆಸ್ಟರ್‌ಗೂ ಹೋದರು. ಅರ್ಜೆಂಟೀನಾದ ಡಿ ಮರಿಯಾ 2014ರಲ್ಲಿ ಅದೇ ಊರಿಗೆ ದಾಖಲೆ ಮೊತ್ತಕ್ಕೆ ಬಂದರು. ಕೆಲವೇ ತಿಂಗಳಲ್ಲಿ, ಹೆಂಡತಿ ಮಗು ಒಳಗಿದ್ದಾಗಲೇ, ಮನೆಗೆ ಕಳ್ಳರು ನುಗ್ಗಲು ನೋಡಿದರು. ಒಂದೇ ಸೀಸನ್, ಹೊರಟೇಬಿಟ್ಟರು. ಇಂಗ್ಲೆಂಡಿನ ಬೆಲ್ಲಿಂಗ್‌ಹ್ಯಾಮ್ ಹದಿನೇಳಕ್ಕೆ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದಾಗ ತಾಯಿಯೂ ಜೊತೆಗೆ ಹೋಗಿ ಮನೆ ಮಾಡಿದರು. ಸನ್ ಹ್ಯೂಂಗ್ ಮಿನ್ ಹದಿನಾರನೇ ವಯಸ್ಸಿಗೆ ಕೊರಿಯಾ ಬಿಟ್ಟು ಜರ್ಮನಿಯ ಹ್ಯಾಂಬರ್ಗ್‌ಗೆ ಹೋದವರು, ಜರ್ಮನ್ ಕಲಿತೇ ಆಡಿದವರು.

ಕಾಗದ ಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಮೊದಲು ನೋಡಬೇಕಾದ್ದು ಇದೇ.

ಹದಿನೆಂಟು ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾ ಸಾಮಾನ್ಯವಾಗಿ ಒಪ್ಪಲ್ಲ. ವಿನಾಯಿತಿಗಳು ಕೆಲವೇ. ಅಪ್ಪ ಅಮ್ಮ ಬೇರೆ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದರೆ, ಅಂಥವು. ಈ ನಿಯಮ ಮುರಿದು ಬಾರ್ಸಿಲೋನಾದಂಥ ಕ್ಲಬ್ಬೇ ಹೊಸ ಆಟಗಾರರನ್ನು ತರದಂತೆ ನಿಷೇಧ ತಿಂದಿದೆ. ಹದಿನೈದರ ಹುಡುಗನಿಗೆ ಸ್ಪೇನಿನಲ್ಲಿ ಕಾಂಟ್ರ್ಯಾಕ್ಟ್ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ಇಂಗ್ಲೆಂಡ್ 2021ರಿಂದ ಅಂಕ ಎಣಿಸುತ್ತದೆ. ದೇಶದ ರ‍್ಯಾಂಕ್, ಆಡಿದ ಲೀಗ್, ಆಡಿದ ನಿಮಿಷ ಎಲ್ಲಾ ಲೆಕ್ಕಕ್ಕೆ. ಭಾರತ ನೂರರಾಚೆ ಇರುವಾಗ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೇ. ಸ್ಪೇನಿನ ಮೇಲಿನ ಲೀಗ್‌ನಲ್ಲಿ ಯೂರೋಪ್ ಒಕ್ಕೂಟದ ಹೊರಗಿನವರಿಗೆ ತಂಡಕ್ಕೆ ಕೆಲವೇ ಜಾಗ. ಅದನ್ನು ಬ್ರೆಜಿಲ್, ಅರ್ಜೆಂಟೀನಾದವರು ಬಿಟ್ಟುಕೊಡಲ್ಲ. ನೆದರ್ಲೆಂಡ್ಸ್‌ನಲ್ಲಿ ಇಪ್ಪತ್ತು ತುಂಬಿದ ಹೊರಗಿನವರಿಗೆ ಅಲ್ಲಿನ ಸರಾಸರಿಯ ಒಂದೂವರೆ ಪಟ್ಟು ಸಂಬಳ ಕೊಡಲೇಬೇಕು. ಅಷ್ಟು ಕೊಟ್ಟು ನಮ್ಮವರನ್ನು ಸುಮ್ನೆ ಬೆಂಚಿಗೆ ಯಾರೂ ತರಲ್ಲ.

ಏಜೆಂಟರಿಗೆ 2023ರಿಂದ ಮತ್ತೆ ಫಿಫಾ ಲೈಸೆನ್ಸ್ ಕಡ್ಡಾಯ, ಪರೀಕ್ಷೆ ಬರೆದು ಪಡೆಯಬೇಕು. ಹೆಸರು ಫಿಫಾ ಜಾಲತಾಣದಲ್ಲೇ ಸಿಗುತ್ತದೆ. ಎರಡು ನಿಮಿಷದ ಕೆಲಸ.

ಹಾಗಾದರೆ ಯಾರಿಗೆ ಯಾವುದು

ಇಪ್ಪತ್ತರ ಗೋಲ್ ಕೀಪರ್ ಆಗಿದ್ದು, ನಾರ್ವೆ, ಸ್ವೀಡನ್ ಕಡೆಯ ಕ್ಲಬ್ ಸಂಬಳ ಕೊಟ್ಟು ಕರೆದರೆ ಬೆಂಚಾದರೂ ಹೋಗಿ. ಅಲ್ಲಿ ಸೀಸನ್ ವಸಂತದಿಂದ ಶರತ್ಕಾಲದವರೆಗೆ, ಕೃತಕ ಹುಲ್ಲಿನ ಮೈದಾನ ಜಾಸ್ತಿ. ಅಶೋಕನಗರದ ಸ್ಟೇಡಿಯಂನಲ್ಲಿ ಮೊಣಕೈ ಕೆತ್ತಿಸಿಕೊಂಡವರಿಗೆ ಅದೇನೂ ಹೊಸದಲ್ಲ. ಸ್ಟ್ರೈಕರ್, ವಿಂಗರ್ ಆಗಿದ್ದರೆ ಪಂದ್ಯ ಸಿಗುವ ಕಡೆ ಹೋಗಿ, ಅದು ಸೈಪ್ರಸ್ ಆಗಲಿ, ಮಿಜೋರಾಂನ ಐಜ್ವಾಲ್ ಆಗಲಿ. ದೊಡ್ಡ ಹೆಸರಿನ ಬಿ ತಂಡ ಇಪ್ಪತ್ತೊಂದರ ಒಳಗಿನವರಿಗೆ ಸರಿ, ಆಮೇಲೆ ಬರೀ ಫೋಟೊಗೆ. ಇಪ್ಪತ್ತೇಳು ದಾಟಿದ್ದರೆ, ಇಲ್ಲಿ ಒಳ್ಳೆ ಸಂಬಳ ಇದ್ದರೆ, ನನ್ನ ಮಟ್ಟಿಗೆ ಹೋಗದಿರುವುದೇ ವಾಸಿ. ಒಂದು ಸಲ ನೋಡಿಬರಬೇಕು ಅನ್ನುವ ಆಸೆ ಇದ್ದರೆ ಅದು ಬೇರೆ ಲೆಕ್ಕ. ಆಸೆಗೆ ಬೆಲೆ ಕಟ್ಟೋಕೆ ನಾನ್ಯಾರು. ಖರ್ಚು ನಿಮ್ಮದು ಅನ್ನುವ ಟ್ರಯಲ್ ಮಾತ್ರ ಯಾವ ವಯಸ್ಸಿಗೂ ಬೇಡ.

ಅಕ್ಕನ ಮಗನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ನನ್ನ ಜಾಗದಲ್ಲಿ ಈಗ ಯಾರಿದ್ದಾರೆ? ಕೋಚ್ ನನ್ನ ಆಟ ನೋಡಿದ್ದಾರಾ? ಗಾಯವಾದರೆ ಆಸ್ಪತ್ರೆ ಖರ್ಚು ಯಾರದು? ಎರಡೂ ಕಡೆಗೂ ಕಳಿಸಿದ.

ಪೋರ್ಚುಗಲ್ ಏಜೆಂಟ್ ಅದೇ ದಿನ ಉತ್ತರ ಕೊಟ್ಟ. ಪ್ರಶ್ನೆಗಳಿಗಲ್ಲ. ಮುಂಗಡ ಕಟ್ಟಬೇಕಾದ ಬ್ಯಾಂಕ್ ಖಾತೆ ನಂಬರ್ ಕಳಿಸಿದ್ದ. ಈಶಾನ್ಯದ ಕ್ಲಬ್ಬಿನವರು ನಾಲ್ಕು ದಿನ ಸುಮ್ಮನಿದ್ದರು. ಐದನೇ ದಿನ ರಾತ್ರಿ ಕೋಚ್ ತಾವೇ ವಿಡಿಯೊ ಕಾಲ್ ಮಾಡಿದರು. ಎಡ ವಿಂಗ್‌ನವನು ಬೇರೆ ತಂಡಕ್ಕೆ ಹೋಗಿದ್ದಾನೆ, ಜಾಗ ಖಾಲಿ ಇದೆ ಅಂದರು. ಆಮೇಲೆ ಕೇಳಿದರಂತೆ, "ಬಲಗಾಲಲ್ಲಿ ಯಾಕಪ್ಪಾ ಚೆಂಡನ್ನೇ ಮುಟ್ಟಲ್ಲ ನೀನು?"

ಹುಡುಗನ ಮುಖ ಸಣ್ಣದಾಯಿತು ಅಂತ ಅಕ್ಕ ಫೋನಿನಲ್ಲಿ ನಕ್ಕಳು. ಆಮೇಲೆ, ಅಲ್ಲಿ ಸೋನಾ ಮಸೂರಿ ಸಿಗುತ್ತದಾ ಅಂತ ಕೇಳಿದಳು.